ಹಬೆಯನ್ನು ನಂಬಿದ ಮಣ್ಣೂರ ಸಾಹೇಬರು

ಹೃಷಿಕೇಶರಾವ್ ಮಣ್ಣೂರರು ರಸ್ತೆಯಲ್ಲಿ ನಡೆಯುತ್ತಿದ್ದವರು ತಟ್ಟನೆ ನಿಂತು, ಗಾಳಿ ಬಂದ ದಿಕ್ಕಿಗೆ ಮುಖವೆತ್ತಿ, ಕಣ್ಣು ಮುಚ್ಚಿ ಮೂಸತೊಡಗಿದರೆಂದರೆ ಜೊತೆಗಿದ್ದವರು ತಮ್ಮ ಮಾತನ್ನು ಅರ್ಧಕ್ಕೇ ನಿಲ್ಲಿಸಿ ಕಾಯಬೇಕಿತ್ತು. ದೇವರಮನೆಯಲ್ಲಿ ಕೂತವರ ಏಕಾಗ್ರತೆ ಆಗ ಅವರ ಮುಖದ ಮೇಲೆ. ಆಮೇಲೆ ಕಣ್ಣು ತೆರೆದು, ಸುಡುತ್ತಿರುವುದು ರಬ್ಬರೆಂದೂ, ಅದು ಸೈಕಲ್ಲಿನ ಟ್ಯೂಬಲ್ಲ, ಲಾರಿಯ ಟಾಯರೆಂದೂ ತೀರ್ಪು ಕೊಟ್ಟು, "ಬರೋಬರ್?" ಎಂದು ನಮ್ಮನ್ನೇ ಕೇಳುತ್ತಿದ್ದರು. ಬರೋಬರ್ ಅಲ್ಲವೆನ್ನಲು ನಮಗೆ ಅಂಥ ಮೂಗು ಇರಲಿಲ್ಲ. ಮದುವೆ ಮನೆಯಲ್ಲಿ ಅಡುಗೆಯವನಿಗಿಂತ ಮೊದಲು ಸಾರಿನ ತಳ ಹತ್ತಿದ್ದು ಅವರಿಗೆ ತಿಳಿಯುತ್ತಿತ್ತು, ಅದನ್ನವರು ಮುಚ್ಚಿಡುತ್ತಲೂ ಇರಲಿಲ್ಲ.

ಬಾಗಲಕೋಟೆಯ ಕಡೆಯಿಂದ ತರುಣರಾಗಿದ್ದಾಗಲೇ ನಾಗಪುರಕ್ಕೆ ಬಂದು, ಮದ್ದುಗುಂಡಿನ ಆರ್ಡ್‌ನನ್ಸ್ ಫ್ಯಾಕ್ಟರಿಯ ಬಾಯ್ಲರ್ ಮನೆಯಲ್ಲಿ ಸೇವೆಯನ್ನೆಲ್ಲ ಕಳೆದವರು ಅವರು. ಹಬೆಯ ಭೋರ್ಗರೆತ ಅವರ ಎಡಗಿವಿಯನ್ನು ಯಾವತ್ತೋ ನುಂಗಿತ್ತು. ಆದ್ದರಿಂದ ಯಾರೇ ಜೊತೆಯಾದರೂ ಅವರನ್ನು ಬಲಕ್ಕೆ ಇಟ್ಟುಕೊಂಡು, ತಲೆಯನ್ನು ಆ ಕಡೆಗೆ ವಾಲಿಸಿ, ಒಂದು ಭುಜ ಮುಂದೆ ಮಾಡಿ ಗಾಳಿಯನ್ನು ಸೀಳಿಕೊಂಡು ಹೋಗುವವರಂತೆ ನಡೆಯುತ್ತಿದ್ದರು. ನಿವೃತ್ತರಾದ ಮೇಲೂ ಖಾಕಿ ಕೋಟು ಬಿಡಲಿಲ್ಲ. ನಾಗಪುರದ ಮೇ ತಿಂಗಳಿನಲ್ಲಿ, ಕಾಗೆಗಳು ಕೂಡ ನೆರಳು ಬಿಟ್ಟು ಕದಲದ ಹೊತ್ತಿನಲ್ಲಿ, ಮೇಲಿನ ಗುಂಡಿಯವರೆಗೆ ಬಿಗಿದ ಆ ಕೋಟಿನಲ್ಲಿ ಅವರು ವರ್ಧಾ ರಸ್ತೆ ದಾಟುವುದನ್ನು ನೋಡಿದರೇ ನಮಗೆ ಬೆವರು ಬರುತ್ತಿತ್ತು. ಎಲ್ಲಿ ಕೊಳವೆ ಕಂಡರೂ ಅಂಗೈಯಿಂದಲ್ಲ, ಕೈಯ ಹಿಂಭಾಗದಿಂದ ಮುಟ್ಟಿ ನೋಡುವುದು ಇನ್ನೊಂದು ಚಾಳಿ. ರಾಜ್ಯೋತ್ಸವದ ದಿನ ನಮ್ಮ ಕನ್ನಡ ಸಂಘದ ಇಡ್ಲಿ ಪಾತ್ರೆಯನ್ನು ಹಾಗೆಯೇ ಮುಟ್ಟಿ, ಹಬೆ ಸಾಲದೆಂದು ಹೇಳಿ, ಬಡಿಸುವುದನ್ನು ತಡೆದು ಕೂರಿಸಿದ್ದರು. ಹಸಿದವರ ಶಾಪ ಅವರ ಕಿವುಡುಗಿವಿಗೆ ಬಿತ್ತು.

ಹಬೆಯ ಮೇಲೆ ಅವರಿಗಿದ್ದದ್ದು ಬರೀ ವಿಶ್ವಾಸವಲ್ಲ, ಭಕ್ತಿ. ಬೆಂಕಿ ತಾನು ಮುಟ್ಟಿದ್ದನ್ನು ಬೂದಿ ಮಾಡಿ ಅದರ ಪಾಪವನ್ನೆಲ್ಲ ಗಾಳಿಗೆ ಬಿಡುತ್ತದೆ, ಹಬೆಯಾದರೋ ವಸ್ತುವಿನ ಕೊಳೆಯನ್ನು ಕೊಂದು ವಸ್ತುವನ್ನು ಉಳಿಸುತ್ತದೆ ಎಂಬ ಉಪನ್ಯಾಸವನ್ನು ನಾವೆಲ್ಲ ಹಲವು ಸಲ ಕೇಳಿದ್ದೇವೆ. ತಮಾಷೆಯೆಂದರೆ, ಹೆಂಡತಿ ಕೃಷ್ಣವೇಣಿಬಾಯಿಯವರ ಮಡಿಯನ್ನು ಅವರಷ್ಟು ಗೇಲಿ ಮಾಡಿದವರು ಇಲ್ಲ. ಆಕೆ ತಣ್ಣೀರಿನಲ್ಲಿ ಅದ್ದಿದ ಸೀರೆಯನ್ನು ಕೋಲಿನಿಂದ ಎತ್ತಿ ಗಳಕ್ಕೆ ಹಾಕುತ್ತಿದ್ದರೆ ಇವರು ಕೆಳಗೆ ನಿಂತು, ನಿನ್ನ ಮಡಿಗೆ ಥರ್ಮಾಮೀಟರಿಲ್ಲ, ಪ್ರೆಶರಿಲ್ಲ, ಯಾವ ಕ್ರಿಮಿ ಸತ್ತೀತು ಎಂದು ಕಾಡುತ್ತಿದ್ದರು. ಕೃಷ್ಣವೇಣಿಬಾಯಿ ಉತ್ತರ ಕೊಡುತ್ತಿರಲಿಲ್ಲ. ಮಡಿಯಲ್ಲಿದ್ದಾಗ ಗಂಡನೊಡನೆ ವಾದಿಸಿದರೆ ಮೈಲಿಗೆಯಾದೀತೆಂದು ನಮ್ಮೆದುರಿಗೆ ನಗುತ್ತಿದ್ದರು.

ಕಥೆ ಶುರುವಾದದ್ದೂ ಆ ಮಡಿ ಸೀರೆಯಿಂದಲೇ. ನಿವೃತ್ತಿಯ ಮರುವರ್ಷ ಮನೀಶ್ ನಗರದಲ್ಲಿ ಮನೆ ಕಟ್ಟಿಸಿ ಬಂದರಷ್ಟೆ, ತೊಂಬತ್ತೇಳರ ಸುಮಾರಿಗೆ, ತಾರಸಿಯ ಮೇಲೆ ಒಣಗಿದ ಸೀರೆಯ ತುಂಬ ಎಣ್ಣೆಗಪ್ಪಿನ ಚುಕ್ಕೆಗಳು ಕಾಣಿಸಿಕೊಳ್ಳತೊಡಗಿದವು. ಒಗೆದರೆ ಹೋಗುವ ಕಪ್ಪಲ್ಲ. ರಾಯರು ತಾರಸಿ ಹತ್ತಿ, ಮುಖವೆತ್ತಿ ಮೂಸಿ, ಪ್ಲಾಸ್ಟಿಕ್ಕು, ಹತ್ತಿ, ಮಾಂಸ ಎಂದು ಒಂದೊಂದಾಗಿ ಬಿಡಿಸಿ ಹೇಳಿ, ಕೊನೆಯ ಪದಕ್ಕೆ ತಾವೇ ಬೆಚ್ಚಿದರು. ಗಾಳಿಯ ಜಾಡು ಹಿಡಿದು ಹೋದರೆ ಒಂದು ಟ್ರಸ್ಟ್ ಆಸ್ಪತ್ರೆಯ ಹಿತ್ತಲು ಸಿಕ್ಕಿತು. ಅಲ್ಲೊಂದು ಇಟ್ಟಿಗೆಯ ಭಟ್ಟಿ. ಸಿರಿಂಜು, ರಕ್ತದ ಚೀಲ, ಬ್ಯಾಂಡೇಜು, ಆಪರೇಶನ್ನಿನಲ್ಲಿ ಕೊಯ್ದು ತೆಗೆದದ್ದು, ಎಲ್ಲವನ್ನೂ ಅದರ ಬಾಯಿಗೆ ಸುರಿದು ಸುಡುತ್ತಿದ್ದರು. ಭಟ್ಟಿಯ ಮುಂದೆ ಸೆರಗಿನಿಂದ ಮೂಗು ಬಾಯಿ ಕಟ್ಟಿಕೊಂಡ ಹೆಂಗಸೊಬ್ಬಳು ಉದ್ದನೆಯ ಕಬ್ಬಿಣದ ಸಲಾಕೆಯಿಂದ ಬೂದಿ ಕೆದರುತ್ತ, ಕೆಮ್ಮುತ್ತ, ಕೆಮ್ಮಿನ ನಡುವೆ ಆ ಭಟ್ಟಿಯ ವಂಶವನ್ನೆಲ್ಲ ಅಚ್ಚ ಕನ್ನಡದಲ್ಲಿ ಬಯ್ಯುತ್ತಿದ್ದಳು.

ಅವಳೇ ಕಾಶಿಬಾಯಿ. ಅಕ್ಕಲಕೋಟೆಯ ಕಡೆಯವಳು; ಗಂಡನ ಹಿಂದೆ ನಾಗಪುರಕ್ಕೆ ಬಂದು, ಗಂಡ ತೀರಿಕೊಂಡ ಮೇಲೆ ಆಸ್ಪತ್ರೆಯಲ್ಲಿ ಕಸಗುಡಿಸುವ ಕೆಲಸಕ್ಕೆ ಸೇರಿ, ಪಾತ್ರೆ ತೊಳೆಯುವ, ಗಾಜಿನ ಸಿರಿಂಜು ಕುದಿಸುವ ಕೆಲಸಗಳನ್ನೆಲ್ಲ ದಾಟಿ ಭಟ್ಟಿಯ ಪಾಲಿಗೆ ಬಂದಿದ್ದಳು. ಕಣ್ಣಿನ ಬಿಳಿಯೆಲ್ಲ ಕೆಂಪು. ಒಂದು ಮಾತಾಡಿದರೆ ಮೂರು ಸಲ ಕೆಮ್ಮು. ಫ್ಯಾಕ್ಟರಿಯಲ್ಲಿ ಹಿಂದಿ, ಪೇಟೆಯಲ್ಲಿ ಮರಾಠಿ ಆಡಿ ಆಡಿ ಸವೆದಿದ್ದ ರಾಯರಿಗೆ ಆ ಹೊಗೆಯೊಳಗಿಂದ ಬಂದ ತಮ್ಮೂರ ಬಯ್ಗುಳ ಎಲ್ಲಿ ತಾಕಿತೋ, ದೂರು ಕೊಡಲು ಬಂದವರು ದೂರನ್ನು ಮರೆತು ಅವಳ ಮುಂದೆ ನಿಂತುಬಿಟ್ಟರು.

"ಈ ಹೊಗಿ ನಾ ಬಂದ್ ಮಾಡಸ್ತೀನಿ, ಕಾಶಿಬಾಯಿ," ಎಂದರು.

ಅವಳು ಈ ಕೋಟಿನ ಮುದುಕನನ್ನು ಅಡಿಯಿಂದ ಮುಡಿಯವರೆಗೆ ನೋಡಿ ನಕ್ಕು, ಆ ನಗೆಯಿಂದಲೇ ಮತ್ತೆ ಕೆಮ್ಮಿದಳಂತೆ. ಮಾತು ಕೊಟ್ಟವರಿಗೆ ಮಾತ್ರ ಅದು ನಗೆಯ ವಿಷಯವಾಗಿರಲಿಲ್ಲ. ಅಂಥ ಪ್ಲಾಸ್ಟಿಕ್ಕನ್ನು ಅರೆಬರೆ ಬೆಂಕಿಯಲ್ಲಿ ಸುಟ್ಟರೆ ಹುಟ್ಟುವ ವಿಷ ಮಣ್ಣಿಗಿಳಿದು, ಹುಲ್ಲಿಗೆ ಹತ್ತಿ, ಹಸುವಿನ ಹಾಲಿನವರೆಗೂ ಬರುತ್ತದೆಂದು ಲೈಬ್ರರಿಗೆ ಹೋಗಿ ಓದಿಕೊಂಡರು. ಅಂದಿನಿಂದ ಆಸ್ಪತ್ರೆಯ ಮೇಲ್ವಿಚಾರಕ ಡಾಕ್ಟರ್ ಶಿವಪ್ರಸಾದರ ಕೋಣೆಯ ಹೊರಗಿನ ಬೆಂಚು ಅವರ ಎರಡನೆಯ ಮನೆಯಾಯಿತು. ಶಿವಪ್ರಸಾದರು ಕೆಟ್ಟವರಲ್ಲ, ಚಹಾ ಕೊಡದೆ ಯಾರನ್ನೂ ಕಳಿಸುತ್ತಿರಲಿಲ್ಲ, ಚಹಾ ಬಿಟ್ಟು ಬೇರೇನನ್ನೂ ಕೊಡುತ್ತಿರಲಿಲ್ಲ. ತೊಂಬತ್ತೆಂಟರಲ್ಲಿ ಆಸ್ಪತ್ರೆಯ ಕಸಕ್ಕೆ ಸರ್ಕಾರದ ಹೊಸ ನಿಯಮಗಳು ಬಂದು, ಟ್ರಸ್ಟಿನವರಿಗೆ ಅಂಜಿಕೆ ಹುಟ್ಟಿದಾಗ ಮಾತ್ರ ಬೆಂಚಿನ ಮೇಲಿನ ಮುದುಕ ಉಪಯೋಗಕ್ಕೆ ಬರುವ ಮನುಷ್ಯನಾಗಿ ಕಂಡ.

ಮುಚ್ಚಿಹೋದ ಗಿರಣಿಯೊಂದರಿಂದ ದಪ್ಪ ತಗಡಿನ ಹಂಡೆ ತರಿಸಿ, ಅದಕ್ಕೆ ಬಾಗಿಲು, ಕವಾಟ, ಮಾಪಕಗಳನ್ನು ಕೂಡಿಸಿ, ಕಸವನ್ನು ಒತ್ತಡದ ಹಬೆಯಲ್ಲಿ ಬೇಯಿಸಿ ಕ್ರಿಮಿಗಳನ್ನು ಕೊಲ್ಲುವ ಯಂತ್ರವನ್ನು ರಾಯರು ತಮ್ಮ ಕೈಯಾರೆ ಕಟ್ಟಿದರು. ಒಳಗಿನ ಬುಟ್ಟಿಯ ಮೇಲಂತೂ ಅವರಿಗೆ ವಿಪರೀತ ಮೋಹ. ಹಬೆ ಮೂಲೆಮೂಲೆಗೆ ಹರಿಯಲೆಂದು ತಂತಿಯನ್ನು ಓರೆಯಾಗಿ ಹೆಣೆದಿದ್ದರು. ಅದರ ಕಣ್ಣುಗಳು ಓರೆಚೌಕದ ಶಂಕರಪೋಳಿ ಬಿಲ್ಲೆಗಳ ಆಕಾರದಲ್ಲಿದ್ದವು. ಬೆಂದ ಪ್ಲಾಸ್ಟಿಕ್ಕನ್ನು ಚೂರುಚೂರು ಮಾಡುವ ಇನ್ನೊಂದು ಯಂತ್ರವೂ ಅವರ ನಕ್ಷೆಯಲ್ಲಿತ್ತು, ನಿಯಮದಲ್ಲೂ ಇತ್ತು. ಟ್ರಸ್ಟಿನವರು ಹಂಡೆಗೆ ಒಪ್ಪಿ, ಚೂರು ಯಂತ್ರ ಮುಂದಿನ ವರ್ಷವಾಗಲಿ ಎಂದರು. ರಾಯರು ಹೂಂ ಎಂದರು. ಕ್ರಿಮಿ ಸತ್ತ ಮೇಲೆ ಕೆಲಸ ಮುಗಿದಂತೆಯೇ, ಚೂರು ಮಾಡುವುದು ಬರೀ ಅಚ್ಚುಕಟ್ಟಿನ ಮಾತು ಎಂದು ಅವರ ಬಾಯ್ಲರ್ ಬುದ್ಧಿಗೆ ಅನ್ನಿಸಿತ್ತು. ಆ ಒಂದು ಹೂಂ ಹೇಳದಿದ್ದರೆ ಅವರ ಚಿತ್ರವನ್ನು ನಾವು ಬೇರೆ ಬಣ್ಣದಲ್ಲಿ ಬರೆಯಬಹುದಿತ್ತು.

ಭಟ್ಟಿಯ ಬಾಯಿಗೆ ಇಟ್ಟಿಗೆ ಕಟ್ಟಿದ ದಿನ ಕೃಷ್ಣವೇಣಿಬಾಯಿ ಗೋಧಿ ಹುಗ್ಗಿ ಮಾಡಿ ಕಾಶಿಬಾಯಿಗೆ ಡಬ್ಬಿ ಕಳಿಸಿದರು. ಹಬೆಯ ಯಂತ್ರವನ್ನು ನಡೆಸುವ ಕೆಲಸ ಅವಳಿಗೇ ಬಂತು. ಕವಾಟ ತಿರುಗಿಸುವುದನ್ನು, ಮುಳ್ಳು ನೋಡುವುದನ್ನು ರಾಯರು ಅವಳ ಬಲಗಡೆಯೋ ಎಡಗಡೆಯೋ ತಿಳಿಯದಂತೆ ಸುತ್ತಿ ಸುತ್ತಿ ಕಲಿಸಿದರು. ಯಂತ್ರ ಯಾಕೆ ಎಂಬುದನ್ನು ಮಾತ್ರ ಕಲಿಸಲಿಲ್ಲ. ಅದು ಹೇಳಬೇಕಾದ ಸಂಗತಿಯೆಂದು ಅವರಿಗೆ ಹೊಳೆಯಲೇ ಇಲ್ಲ. ತಿಂಗಳು ಕಳೆದಂತೆ ಅವಳ ಕಣ್ಣಿನ ಕೆಂಪು ಇಳಿಯಿತು, ಕೆಮ್ಮು ಮಾತಿನ ನಡುವೆ ಬರುವುದು ಬಿಟ್ಟು ಮಾತಿನ ಕೊನೆಗೆ ಬರತೊಡಗಿತು, ಆಮೇಲೆ ಎಷ್ಟೋ ದಿನ ಬರಲೇ ಇಲ್ಲ. ಮನೀಶ್ ನಗರದ ತಾರಸಿಗಳ ಮೇಲೆ ಸೀರೆಗಳು ಸೀರೆಯ ಬಣ್ಣದಲ್ಲೇ ಒಣಗಿದವು. ಆಸ್ಪತ್ರೆಗೆ ಪರಿಸರದ ಪ್ರಶಸ್ತಿಯೊಂದು ಬಂತು. ಊರೂರಿನ ಡಾಕ್ಟರುಗಳು ಯಂತ್ರ ನೋಡಲು ಬಂದರು. ರಾಯರು ಆ ವರ್ಷಗಳಲ್ಲಿ ಸಂತೋಷವಾಗಿದ್ದರು. ಒಬ್ಬ ಮನುಷ್ಯ ನಿವೃತ್ತಿಯ ನಂತರ ಅಷ್ಟು ಸಂತೋಷವಾಗಿದ್ದುದನ್ನು ನಾವು ಮೊದಲು ನೋಡಿರಲಿಲ್ಲ, ಹೊಟ್ಟೆಕಿಚ್ಚನ್ನೂ ಪಟ್ಟೆವು.

ಚೂರು ಯಂತ್ರ ವರ್ಷದಿಂದ ವರ್ಷಕ್ಕೆ ಮುಂದೆ ಹೋಗುತ್ತಲೇ ಇತ್ತು. ಎರಡು ಸಾವಿರದ ಮೂರರ ಬೇಸಿಗೆಯಲ್ಲಿ, ಇನ್ನು ಕಾಯುವುದು ಸಾಕೆಂದು ರಾಯರು ಅದರ ಅಲಗುಗಳನ್ನು ತಾವೇ ಮಾಡಿಸಲು ಹಿಂಗಣಾದ ಒಂದು ವರ್ಕ್‌ಶಾಪಿಗೆ ಹೋದರು. ಅಲ್ಲಿ ಉಕ್ಕಿನ ತಗಡೊಂದನ್ನು ರೂಢಿಯಂತೆ ಕೈಯ ಹಿಂಭಾಗದಿಂದ ತಡವಿದ್ದೇ ತಡ, ಅಂಚು ತಗುಲಿ ರಕ್ತ ಹರಿಯಿತು. ವರ್ಕ್‌ಶಾಪಿನವರು ಬಲವಂತ ಮಾಡಿ ಪಕ್ಕದ ಗಲ್ಲಿಯ ಡಾಕ್ಟರ ಹತ್ತಿರ ಕರೆದೊಯ್ದರು. ಡಾಕ್ಟರು ಧನುರ್ವಾಯುವಿನ ಇಂಜೆಕ್ಷನ್ನಿಗೆಂದು ಮೊಹರು ಮಾಡಿದ ಹೊಸ ಪೊಟ್ಟಣ ಹರಿದರು, ಸಿರಿಂಜಿಗೆ ಔಷಧಿ ಎಳೆದರು, ಬೆಳಕಿಗೆ ಹಿಡಿದರು. ಅದರ ಪಾರದರ್ಶಕ ಮೈಮೇಲೆ ಒಂದು ಕಡೆ ತೆಳುವಾಗಿ, ಒಂದಕ್ಕೊಂದು ಅಂಟಿಕೊಂಡು, ಶಂಕರಪೋಳಿಯ ಗುರುತುಗಳಿದ್ದವು.

ಬಿಸಿಗೆ ಮೆತ್ತಗಾದ ಪ್ಲಾಸ್ಟಿಕ್ಕಿನ ಮೇಲೆ ಅವರ ಬುಟ್ಟಿ ಒತ್ತಿದ ಗುರುತು. ತಮ್ಮ ಕೈಬರಹವನ್ನು ಗುರುತಿಸಿದಷ್ಟೇ ಖಚಿತವಾಗಿ ಅವರು ಅದನ್ನು ಗುರುತಿಸಿದರು. ಬೇಡವೆನ್ನಬೇಕೆಂದು ಬಾಯಿ ತೆರೆಯುವುದರೊಳಗೆ ಸೂಜಿ ತೋಳಿನಲ್ಲಿತ್ತು. ಎಲ್ಲಿಂದ ತಂದದ್ದೆಂದು ಕೇಳಿದರೆ, ಕಳಮನಾ ಪೇಟೆಯ ಕಡೆಯಿಂದ ಬರುವ ಮಾಲು, ಅಗ್ಗ, ಈ ಕಡೆಯ ದವಾಖಾನೆಗಳಿಗೆಲ್ಲ ಅದೇ ಎಂದು ಡಾಕ್ಟರು ಕೈ ತೊಳೆಯುತ್ತ ಹೇಳಿದರು. ರಾಯರು ಆ ಖಾಲಿ ಸಿರಿಂಜನ್ನು ಬೇಡಿ ಪಡೆದು ಕೋಟಿನ ಜೇಬಿನಲ್ಲಿಟ್ಟುಕೊಂಡು ಬಸ್ಸು ಹತ್ತಿದರು.

ಮರುದಿನ ಯಂತ್ರದ ಕೋಣೆಗೆ ಹೋಗಿ ಅದನ್ನು ಕಾಶಿಬಾಯಿಯ ಮುಂದೆ ಹಿಡಿದರು. ಅವಳು ಮುಚ್ಚುಮರೆಯಿಲ್ಲದೆ ಎಲ್ಲವನ್ನೂ ಹೇಳಿದಳು. ಸೊಟ್ಟಗಾದದ್ದನ್ನು ಬೇರೆ, ನೆಟ್ಟಗಿದ್ದದ್ದನ್ನು ಬೇರೆ ಆರಿಸಿ ಚೀಲ ಕಟ್ಟಿಡುವುದು, ಗುಜರಿ ಗುತ್ತಿಗೆದಾರನ ಆಳು ಬಂದು ನೆಟ್ಟಗಿದ್ದ ಚೀಲವನ್ನು ಮೊದಲು ಒಯ್ಯುವುದು, ಇದು ಮೊದಲ ವರ್ಷದಿಂದಲೂ ನಡೆದದ್ದು. ಎಷ್ಟು ಸ್ವಚ್ಛ ಆರಿಸಿದ್ದೀ ಎಂದು ಅವನು ಅವಳನ್ನು ಹೊಗಳುತ್ತಿದ್ದನಂತೆ. ರಾಯರ ಮುಖ ಕಂಡು ಅವಳಿಗೆ ಗಾಬರಿಯಾಯಿತು.

"ಕುದಿಸೂದು ಮತ್ತ ಬಳಸಾಕಲ್ಲೇನ್ರಿ ಸಾಹೇಬ್ರ?" ಎಂದಳು. "ಚೆಲ್ಲೂದಾದ್ರ ಇಷ್ಟ್ಯಾಕ ತೊಳೀಬೇಕ್ರಿ?"

ಗಾಜಿನ ಸಿರಿಂಜು, ಉಕ್ಕಿನ ಚಿಮಟ, ಬಟ್ಟೆಯ ಪಟ್ಟಿ ಎಂದು ವಯಸ್ಸೆಲ್ಲ ಕುದಿಸಿ ಕುದಿಸಿ ಮತ್ತೆ ವಾರ್ಡಿಗೆ ಕೊಟ್ಟ ಕೈ ಅವಳದು. ಅವಳ ಲೋಕದಲ್ಲಿ ಕುದಿಸಿ ಎಸೆಯುವ ವಸ್ತುವೇ ಇರಲಿಲ್ಲ. ಭಟ್ಟಿಯಾದರೆ ಸಿರಿಂಜನ್ನು ಸುಟ್ಟು ಕರಗಿಸಿ ಮುಗಿಸುತ್ತಿತ್ತು. ಇವರ ಯಂತ್ರ ಅದನ್ನು ಹೊಳೆಯುವಂತೆ ಮಾಡಿ ಪೇಟೆಗೆ ಕಳಿಸಿತ್ತು. ಮೊದಲ ಸಲವೇನೋ ಅದು ಶುದ್ಧವಾಗಿಯೇ ಹೋಗುತ್ತದೆ. ಆಮೇಲೆ ಯಾವ ಶೆಡ್ಡಿನಲ್ಲಿ ಯಾವ ಕೈಗಳು ಪೊಟ್ಟಣ ಕಟ್ಟುತ್ತವೆ, ಯಾವ ಬಳಸಿದ ಸೂಜಿ ಜೋಡಿಸುತ್ತವೆ, ಒಮ್ಮೆ ಚುಚ್ಚಿದ ಮೇಲೆ ಯಾವ ಬಕೆಟ್ಟಿನ ನೀರಿನಲ್ಲಿ ತೊಳೆದು ಮತ್ತೆ ಮಾರುತ್ತಾರೆ ಎಂದು ನೆನೆಯುತ್ತ ಅವರು ನೇರವಾಗಿ ಶಿವಪ್ರಸಾದರ ಕೋಣೆಗೆ ನಡೆದರು.

ಶಿವಪ್ರಸಾದರು ಚಹಾ ತರಿಸಿದರು. ಸಿರಿಂಜನ್ನು ತಿರುಗಿಸಿ ನೋಡಿ, ಇಂಥ ಗೀರು ಎಲ್ಲಿ ಬೇಕಾದರೂ ಬೀಳಬಹುದೆಂದರು. ವಸ್ತು ಕ್ರಿಮಿರಹಿತವೆಂದು ನೀವೇ ಪ್ರಮಾಣ ಕೊಟ್ಟಿರುವಿರಲ್ಲ, ಇನ್ನೇನು ಭಯ ಎಂದರು. ಚೂರು ಯಂತ್ರವನ್ನು ನೀವೇ ಮಾಡಿ ತಂದರೂ ಟ್ರಸ್ಟಿನ ಒಪ್ಪಿಗೆಯಿಲ್ಲದೆ ಕೂಡಿಸುವಂತಿಲ್ಲ, ಆ ಮಾತನ್ನು ಮುಂದಿನ ಸಭೆಗೆ ಇಡೋಣವೆಂದರು. ಸಂಬಂಧಪಟ್ಟ ಕಚೇರಿಗೆ ದೂರು ಹೋಯಿತು. ಅಧಿಕಾರಿ ಬಂದು, ಯಂತ್ರವನ್ನೂ ಗೋಡೆಯ ಮೇಲಿನ ಪ್ರಶಸ್ತಿಯನ್ನೂ ಮೆಚ್ಚಿ ಹೋದ. ಕೊನೆಗೆ ರಾಯರು ಕಾಶಿಬಾಯಿಯ ಕೈಗೆ ಸುತ್ತಿಗೆ ಕೊಟ್ಟು, ಒಂದೊಂದನ್ನೂ ಜಜ್ಜಿ ಹಾಕು ಎಂದರು. ಅವಳು ಜಜ್ಜಿದಳು. ಆದರೆ ಗುತ್ತಿಗೆದಾರ ತಕರಾರು ಎತ್ತಿದ, ಯಂತ್ರದ ಕೋಣೆಯ ಕೀಲಿ ಅವಳಿಂದ ಅವನ ಆಳಿಗೆ ಹೋಯಿತು, ಅವಳು ಮತ್ತೆ ಕಸಬರಿಗೆ ಹಿಡಿದಳು.

ಆ ದಿನಗಳಲ್ಲಿ ರಾಯರು ಊಟದ ಮುಂದೆ ಕೂತು ತಟ್ಟೆಯನ್ನೇ ನೋಡುತ್ತಿದ್ದರು. ನೀರಿನಲ್ಲಿ, ಶಾಖದಲ್ಲಿ, ಒತ್ತಡದಲ್ಲಿ ಎಲ್ಲಿಯೂ ತಾವು ತಪ್ಪಿರಲಿಲ್ಲವಲ್ಲ ಎಂದು ಒಮ್ಮೆ ಹೆಂಡತಿಯೆದುರು ಕೈಚೆಲ್ಲಿ ಹೇಳಿದರಂತೆ. ಎಷ್ಟೋ ವರ್ಷದ ಗೇಲಿಗೆ ಉತ್ತರ ಕೊಡದಿದ್ದ ಕೃಷ್ಣವೇಣಿಬಾಯಿ ಅವತ್ತು ಮೆಲ್ಲಗೆ ಹೇಳಿದರು: "ನಾ ಮಡಿ ಅರಿವಿ ಒಣಗಹಾಕಿದ ಮ್ಯಾಲೆ ಅದನ್ನ ಯಾರ ಮುಟ್ತಾರ ಅಂತ ಕಾದು ಕೂಡ್ತೀನ್ರಿ. ನೀವು ಒಣಗಹಾಕಿ ಮನಿಗೆ ಬಂದ್ರಿ."

ಗೇಲಿಗೆಂದು ಆಡಿದ ಮಾತಲ್ಲ ಅದು. ಆಡಿದ ಮೇಲೆ ಆಕೆಯೇ ಅತ್ತರು.

ಮುಂದೆ ರಾಯರು ಮಾಡಿದ್ದನ್ನು ಸರಿಯೆನ್ನಲು ನಮಗೆ ಬಾಯಿ ಬರುವುದಿಲ್ಲ, ತಪ್ಪೆನ್ನಲೂ ಮನಸ್ಸಿಲ್ಲ. ಹಬೆ ನಿಂತರೆ ಸಿರಿಂಜು ರಕ್ತದ ಕೊಳಕಿನಲ್ಲೇ ಉಳಿಯುತ್ತದೆ, ಅದನ್ನು ಯಾವ ಗುತ್ತಿಗೆದಾರನೂ ಮುಟ್ಟುವುದಿಲ್ಲ, ಆಸ್ಪತ್ರೆ ಅದನ್ನು ಸುಡಲೇಬೇಕಾಗುತ್ತದೆ. ಹೊಗೆಗೆ ಹೆದರಿ ಟ್ರಸ್ಟಿನವರು ಒಂದೆರಡು ತಿಂಗಳಿನಲ್ಲಿ ಚೂರು ಯಂತ್ರ ತರಿಸುತ್ತಾರೆ. ಇದು ಅವರ ಲೆಕ್ಕಾಚಾರ. ಸುಟ್ಟರೆ ಸಲಾಕೆ ಹಿಡಿಯಬೇಕಾದವಳು ಯಾರೆಂದೂ ಅವರಿಗೆ ಗೊತ್ತಿತ್ತು. ಆದ್ದರಿಂದ ಮೊದಲು ಅವಳ ಬಳಿಗೇ ಹೋಗಿ, ಕೊಟ್ಟ ಮಾತಿನಿಂದ ಸ್ವಲ್ಪ ಕಾಲ ಬಿಡುಗಡೆ ಕೇಳಿದರು. ನೀವು ಹೇಳಿದಿರೆಂದರೆ ಆಯಿತು ಎಂದಳಂತೆ ಕಾಶಿಬಾಯಿ. ಆಮೇಲೆ ಅವರು ತಪಾಸಣೆಯ ನೆಪದಲ್ಲಿ ಯಂತ್ರದ ಕೋಣೆಗೆ ಹೋಗಿ, ಹಬೆ ಸೋರದಂತೆ ಬಾಗಿಲಿಗಿದ್ದ ರಬ್ಬರ್ ಗ್ಯಾಸ್ಕೆಟ್ಟನ್ನು ಚಾಕುವಿನಿಂದ ಸುತ್ತಲೂ ಕೊಯ್ದು ಹಾಕಿದರು. ಆ ಅಳತೆಯದು ಮುಂಬಯಿಯಲ್ಲಿ ಹೇಳಿ ಮಾಡಿಸಬೇಕು, ಅದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆಂದು ಅವರು ಬಲ್ಲರು.

ಭಟ್ಟಿಯ ಇಟ್ಟಿಗೆ ಒಡೆದರು. ಹೊಗೆ ಎದ್ದಿತು, ಕಾಶಿಬಾಯಿ ಸೆರಗು ಕಟ್ಟಿಕೊಂಡು ಸಲಾಕೆ ಹಿಡಿದಳು. ನಾಲ್ಕು ವರ್ಷ ಚೂರು ಯಂತ್ರ ತರಿಸಲಾಗದಿದ್ದ ಆಸ್ಪತ್ರೆಗೆ ಗುತ್ತಿಗೆದಾರ ವಾರದೊಳಗೆ ಗ್ಯಾಸ್ಕೆಟ್ ತರಿಸಿಕೊಟ್ಟ. ಯಂತ್ರ ಮತ್ತೆ ಹಬೆಯಾಡಿತು, ಸಿರಿಂಜುಗಳು ಮತ್ತೆ ಹೊಳೆಯುತ್ತ ಚೀಲ ಸೇರಿದವು. ಆದರೆ ಭಟ್ಟಿಯನ್ನು ಮತ್ತೆ ಮುಚ್ಚಲಿಲ್ಲ. ತೆರೆದದ್ದಾಯಿತಲ್ಲ, ಇರಲಿ ಎಂದು ಸುತ್ತಲಿನ ನರ್ಸಿಂಗ್ ಹೋಮುಗಳ ಕಸವನ್ನೂ ತಂದು ಅದರಲ್ಲಿ ಸುಡತೊಡಗಿದರು. ಗ್ಯಾಸ್ಕೆಟ್ ಕೊಯ್ದವರಾರೆಂದು ಊಹಿಸುವುದು ಕಷ್ಟವಾಗಿರಲಿಲ್ಲ. ಶಿವಪ್ರಸಾದರು ಪೊಲೀಸರಿಗೆ ಹೇಳಲಿಲ್ಲ, ಗೇಟಿನವನಿಗೆ ಮಾತ್ರ ಹೇಳಿದರು. ರಾಯರು ನಿಲ್ಲಿಸಲು ಹೊರಟದ್ದು ನಿಲ್ಲಲಿಲ್ಲ. ನಿಲ್ಲಿಸಿದ್ದುದು ಅವರ ಕೈಯಿಂದಲೇ ಮತ್ತೆ ಶುರುವಾಯಿತು.

ಭಟ್ಟಿ ಮತ್ತೆ ತೆರೆದ ಮೇಲಿನ ಎರಡನೆಯ ಮಳೆಗಾಲ ಮುಗಿಯುವ ಹೊತ್ತಿಗೆ ಕಾಶಿಬಾಯಿ ಅದೇ ಆಸ್ಪತ್ರೆಯ ಜನರಲ್ ವಾರ್ಡಿನಲ್ಲಿ ಮಲಗಿದ್ದಳು. ರೋಗಿಯನ್ನು ನೋಡಲು ಬಂದವರನ್ನು ಗೇಟಿನವನು ತಡೆಯಲಾರದೆ ಬಿಟ್ಟ. ರಾಯರು ಅವಳ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು, ಕ್ಷಮೆ ಕೇಳಬೇಕೆಂದು ಬಂದವರು, ಮಂಚದ ಕಬ್ಬಿಣದ ಪಟ್ಟಿಯನ್ನು ಸವರುತ್ತಿದ್ದರು. ಅವಳೇ ಅವರನ್ನು ಸಮಾಧಾನ ಮಾಡಿದಳು.

"ನಡುವ ಆ ನಾಕ ವರ್ಷ ಹೊಟ್ಟಿತುಂಬ ಉಸರಾಡೀನ್ರಿ ಸಾಹೇಬ್ರ," ಎಂದಳು.

ಅಷ್ಟರಲ್ಲಿ ನರ್ಸು ಬಂದು ಹೊಸ ಪೊಟ್ಟಣ ಹರಿದು ಸಿರಿಂಜು ತೆಗೆದಳು. ರಾಯರು ಅದರ ಮೈಮೇಲೆ ಏನಿದೆಯೆಂದು ನೋಡಲಿಲ್ಲ. ನೋಡುವ ಧೈರ್ಯವಾಗದೆ ಎದ್ದು ಗೋಡೆಯ ಕಡೆ ತಿರುಗಿ ನಿಂತರು. ಆ ವಾರವೇ ಕಾಶಿಬಾಯಿ ತೀರಿಕೊಂಡಳು. ರಾಯರು ಅದಾದ ಮೇಲೆ ಯಾವ ಯಂತ್ರವನ್ನೂ ಮುಟ್ಟಲಿಲ್ಲ, ಮನೆಯ ನಲ್ಲಿ ಸೋರಿದರೂ ಪ್ಲಂಬರನನ್ನು ಕರೆಸುತ್ತಿದ್ದರು.

ಲೋಕವನ್ನು ಶುಚಿ ಮಾಡಲು ಹೊರಡುವ ಇಂಥ ಸಜ್ಜನರು ಎಲ್ಲ ಊರುಗಳಲ್ಲೂ ಒಬ್ಬಿಬ್ಬರು ಇರುತ್ತಾರೆ. ಕೊಳೆಯೊಂದೇ ಶತ್ರುವೆಂದು ಅವರು ನಂಬುತ್ತಾರೆ. ಕೊಳೆಯಾಗಿರುವವರೆಗೆ ಒಂದು ವಸ್ತು ಯಾರಿಗೂ ಬೇಡವಾಗಿರುತ್ತದೆ, ಶುಚಿಯಾದ ಕ್ಷಣವೇ ಅದಕ್ಕೆ ಒಡೆಯರು ಹುಟ್ಟಿಕೊಳ್ಳುತ್ತಾರೆಂಬುದು ಅವರ ಶುದ್ಧ ಬುದ್ಧಿಗೆ ತಿಳಿಯುವ ಹೊತ್ತಿಗೆ ತಡವಾಗಿರುತ್ತದೆ. ಕಟ್ಟಿದ ಯಂತ್ರ ಕೆಟ್ಟರೆ ಅವರಿಗೆ ದುಃಖವಿಲ್ಲ, ರಿಪೇರಿ ಬಲ್ಲರು. ಅದು ಕೆಡದೆ, ತಾವು ಕಟ್ಟಿದಂತೆಯೇ, ಒಂದು ಕೂದಲಿನಷ್ಟೂ ತಪ್ಪದೆ, ಅನ್ಯರ ಕೈಯಲ್ಲಿ ಓಡುತ್ತಲೇ ಇರುವುದನ್ನು ಕೇಳಿಸಿಕೊಳ್ಳುತ್ತ ಮುಪ್ಪು ಕಳೆಯಬೇಕಲ್ಲ, ಅದಕ್ಕೆ ಅವರ ಪೆಟ್ಟಿಗೆಯಲ್ಲಿ ಯಾವ ಸಲಕರಣೆಯೂ ಇರುವುದಿಲ್ಲ.